ಎದುರು ಮನೆ ಬಾಗಿಲು ತಟ್ಟೋಕೆ ಕೈ ಏಳುತ್ತಿಲ್ಲ, ಹೇಗೆ ಕೇಳೋದು?

ಮೂರನೇ ಮಹಡಿ:

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಚಿಕ್ಕದು, ಆದರೆ ಮೂರು ವಾರದಿಂದ ತಲೆಯಲ್ಲೇ ಕೂತಿದೆ. ಸ್ವಲ್ಪ ಉದ್ದ ಬರೆಯುತ್ತೇನೆ, ದಯವಿಟ್ಟು ಪೂರ್ತಿ ಓದಿ ಹೇಳಿ.

ನಾನು, ಅಮ್ಮ ಇಬ್ಬರೇ ಇರುವ ಮನೆ. ಅಮ್ಮನಿಗೆ 74. ಮಂಡಿ ನೋವು, ಕೂತರೆ ಬೇಗ ಏಳೋಕೆ ಆಗುವುದಿಲ್ಲ. ಈ ಮನೆಗೆ ಬಂದು ಐದು ತಿಂಗಳಾಯಿತು. ಮೊದಲಿದ್ದ ಮನೆಯಲ್ಲಿ ತಮ್ಮ ನಮ್ಮ ಜೊತೆಗಿದ್ದ. ನಲ್ಲಿ, ಬಲ್ಬು, ಚಿಲಕ ಎಲ್ಲ ಅವನೇ ನೋಡಿಕೊಳ್ಳುತ್ತಿದ್ದ. ಈಗ ಅವನು ಕೆಲಸದ ಮೇಲೆ ದೂರ ಹೋಗಿದ್ದಾನೆ. ವಿಡಿಯೋ ಕಾಲ್ ಮಾಡಿ "ಆ ನಟ್ಟು ಎಡಕ್ಕೆ ತಿರುಗಿಸು ಅಕ್ಕ" ಅನ್ನುತ್ತಾನೆ. ಒಂದು ಕೈಯಲ್ಲಿ ಫೋನು, ಇನ್ನೊಂದು ಕೈಯಲ್ಲಿ ಸ್ಪ್ಯಾನರ್. ಎರಡು ಸಲ ಪ್ರಯತ್ನ ಮಾಡಿದೆ, ಆಗಲಿಲ್ಲ.

ಈಗ ಏನೇನು ಕೆಟ್ಟಿದೆ ಅಂತ ಹೇಳುತ್ತೇನೆ. ಅಡುಗೆಮನೆ ನಲ್ಲಿ ತೊಟ್ಟಿಕ್ಕುತ್ತಿದೆ. ಹಿಡಿ ಕಾಲು ಸುತ್ತು ಮಾತ್ರ ತಿರುಗುವ ನಲ್ಲಿ ಅದು. ಎಷ್ಟು ಬಿಗಿಯಾಗಿ ಮುಚ್ಚಿದರೂ ನಿಲ್ಲುವುದಿಲ್ಲ. ರಾತ್ರಿ ಹತ್ತಕ್ಕೆ ಪಾತ್ರೆ ಇಟ್ಟರೆ ಬೆಳಿಗ್ಗೆ ಆರಕ್ಕೆ ತುಂಬಿ ಹರಿದಿರುತ್ತದೆ. ಆ ನೀರನ್ನು ಅಮ್ಮ ಗಿಡಕ್ಕೆ ಹಾಕುತ್ತಾರೆ, ಅದೊಂದು ಸಮಾಧಾನ. ಆದರೆ ಟಪ್ ಟಪ್ ಅನ್ನುವ ಸದ್ದಿಗೆ ನನಗೆ ನಿದ್ದೆ ಬರುತ್ತಿಲ್ಲ.

ಬಚ್ಚಲುಮನೆಯ ಒಳಚಿಲಕ ಬಿಗಿಯಾಗಿದೆ. ಹೋದ ವಾರ ಅಮ್ಮ ಒಳಗಿದ್ದಾಗ ಅದು ಸಿಕ್ಕಿಹಾಕಿಕೊಂಡಿತು. ಇಪ್ಪತ್ತು ನಿಮಿಷ. ನಾನು ಹೊರಗೆ ನಿಂತು "ಅಮ್ಮಾ, ಮೆಲ್ಲಗೆ ಅಲ್ಲಾಡಿಸು, ಗಾಬರಿ ಆಗಬೇಡ" ಅನ್ನುತ್ತಿದ್ದೆ. ಗಾಬರಿ ಆಗಿದ್ದು ನನಗೇ. ಆ ಇಪ್ಪತ್ತು ನಿಮಿಷದಲ್ಲೂ ಎದುರು ಮನೆ ಬೆಲ್ ಒತ್ತಬೇಕು ಅಂತ ನನಗೆ ಧೈರ್ಯ ಬರಲಿಲ್ಲ. ಕೊನೆಗೆ ಚಿಲಕ ತಾನಾಗಿ ಸರಿಯಿತು. ಅವತ್ತಿನಿಂದ ಅಮ್ಮ ಬಾಗಿಲು ಹಾಕಿಕೊಳ್ಳುವುದಿಲ್ಲ, ಬಟ್ಟೆ ಅಡ್ಡ ಕಟ್ಟಿದ್ದೇವೆ.

ಇನ್ನು ಗೀಸರ್ ಹಾಕಿದಾಗ ಒಮ್ಮೊಮ್ಮೆ ಇಡೀ ಮನೆಯ ಕರೆಂಟ್ ಹೋಗುತ್ತದೆ. ಬಾಗಿಲ ಹತ್ತಿರದ ಡಬ್ಬಿಯಲ್ಲಿ ಅಗಲದ ಸ್ವಿಚ್ ಕೆಳಗೆ ಬಿದ್ದಿರುತ್ತದೆ, ಮೇಲೆತ್ತಿದರೆ ಮತ್ತೆ ಬರುತ್ತದೆ. ನಡುಮನೆಯ ಎತ್ತರದ ಬಲ್ಬು ಹೋಗಿದೆ. ನನ್ನ ಹತ್ತಿರ ಏಣಿ ಇಲ್ಲ.

ಒಬ್ಬ ಪ್ಲಂಬರ್‌ಗೆ ಫೋನ್ ಮಾಡಿದೆ. ಎರಡು ಸಲ ಬರುತ್ತೇನೆ ಅಂದರು, ಬರಲಿಲ್ಲ. ಒಂದು ನಲ್ಲಿಗೋಸ್ಕರ ಬರೋಕೆ ಅವರಿಗೂ ಕಷ್ಟ ಇರಬಹುದು.

ಎದುರು ಮನೆಯವರ ಹತ್ತಿರ ಸಾಮಾನು ಇದೆ ಅಂತ ಗೊತ್ತು. ಭಾನುವಾರ ಡ್ರಿಲ್ ಸದ್ದು ಕೇಳಿಸುತ್ತದೆ. ಒಮ್ಮೆ ಮೆಟ್ಟಿಲ ಹತ್ತಿರ ಮಗನ ಸೈಕಲ್ ಬಿಚ್ಚಿಕೊಂಡು ಕೂತಿದ್ದರು, ಪಕ್ಕದಲ್ಲಿ ಸಾಲಾಗಿ ಸ್ಪ್ಯಾನರ್ ಜೋಡಿಸಿಟ್ಟಿದ್ದರು. ಅವರ ಹೆಂಡತಿ ಸಿಕ್ಕಾಗ ನಗುತ್ತಾರೆ. ನಾವು ಬಂದ ಮೊದಲ ದಿನ "ಏನಾದರೂ ಬೇಕಾದರೆ ಕೇಳಿ" ಅಂದಿದ್ದರು. ಎಲ್ಲರೂ ಹಾಗೆ ಹೇಳುತ್ತಾರೆ ಅಲ್ವಾ? ಅದನ್ನು ನಿಜ ಅಂದುಕೊಳ್ಳಬಹುದಾ?

ನನಗೆ ಯಾಕೆ ಇಷ್ಟು ಹಿಂಜರಿಕೆ ಅಂದರೆ, ಹಳೇ ಮನೆಯಲ್ಲಿ, ತಮ್ಮ ಬಂದು ಸೇರುವುದಕ್ಕೆ ಮೊದಲು, ಪಕ್ಕದವರನ್ನು ಮೂರು ಸಲ ಕರೆದಿದ್ದೆ. ಒಮ್ಮೆ ಫ್ಯೂಸ್, ಒಮ್ಮೆ ಕಪಾಟಿನ ಬಾಗಿಲು, ಇನ್ನೊಮ್ಮೆ ಸಿಂಕ್ ಕಟ್ಟಿಕೊಂಡಾಗ. ಮೂರನೇ ಸಲ ಅವರು ನಗುನಗುತ್ತಲೇ ಬಂದರು, ಕೆಲಸ ಮುಗಿಸಿಕೊಟ್ಟರು. ಅವರು ಮರೆತು ಹೋಗಿದ್ದ ಟಾರ್ಚ್ ಕೊಡೋಕೆ ಅಂತ ನಾನು ಹಿಂದೆಯೇ ಹೋದೆ. ಬಾಗಿಲು ತೆರೆದಿತ್ತು. "ಇವರದ್ದು ಮುಗಿಯೋದೇ ಇಲ್ಲ" ಅಂತ ಮನೆಯವರಿಗೆ ಹೇಳುತ್ತಿದ್ದರು. ಟಾರ್ಚನ್ನು ಬಾಗಿಲ ಹತ್ತಿರ ಇಟ್ಟು ಬಂದೆ. ಅದಾಗಿ ಆರು ವರ್ಷ. ಅಲ್ಲಿಂದ ಯಾರ ಹತ್ತಿರವೂ ಒಂದು ಮೊಳೆ ಕೂಡ ಕೇಳಿಲ್ಲ.

ನಿಮ್ಮನ್ನು ಕೇಳುವುದು ಇಷ್ಟೇ. ಇಂಥ ಸಹಾಯ ಹೇಗೆ ಕೇಳಬೇಕು? ನಾಲ್ಕನ್ನೂ ಒಟ್ಟಿಗೆ ಹೇಳಬೇಕಾ, ಒಂದೊಂದಾಗಿ ಕೇಳಬೇಕಾ? ಪ್ರತಿಯಾಗಿ ಏನು ಕೊಟ್ಟರೆ ಅವರಿಗೆ ಬೇಜಾರಾಗುವುದಿಲ್ಲ? ನಮ್ಮ ಕಟ್ಟಡದವರ ವಾಟ್ಸಾಪ್ ಗುಂಪು ಇದೆ, ಅಲ್ಲಿ ಹಾಕಿದರೆ ಸಾಕಾ? ಯಾವ ಕೆಲಸಕ್ಕೆ ಅಕ್ಕಪಕ್ಕದವರನ್ನು ಕರೆಯಲೇಬಾರದು? ಅನುಭವ ಇರುವವರು ಹೇಳಿ.


ಪಾನಾ ಪೆಟ್ಟಿಗೆ:

ಮೇಡಂ, ನಮ್ಮ ಕಟ್ಟಡದಲ್ಲಿ ಆ ಡ್ರಿಲ್ ಸದ್ದಿನ ಮನುಷ್ಯ ನಾನೇ. ಹದಿನೈದು ವರ್ಷದಿಂದ ಎಲ್ಲರೂ ಕರೆಯುತ್ತಾರೆ, ಹೋಗುತ್ತೇನೆ. ಹಾಗಾಗಿ ಕರೆಸಿಕೊಳ್ಳುವವನ ಕಡೆಯಿಂದ ಹೇಳುತ್ತೇನೆ.

ಸಣ್ಣ ರಿಪೇರಿ ಅಂದರೆ ನನಗೆ ಇಷ್ಟ. ಸಾಮಾನು ಇಟ್ಟುಕೊಂಡಿರುವವರಲ್ಲಿ ಜಾಸ್ತಿ ಜನ ಹಾಗೇ. ಒಂದು ನಲ್ಲಿ ನಿಂತಾಗ ಆಗುವ ಖುಷಿ ಬೇರೆ. ಬೇಸರ ಬರುವುದು ಕೆಲಸದಿಂದ ಅಲ್ಲ, ಕೇಳುವ ರೀತಿಯಿಂದ. ರಾತ್ರಿ ಊಟಕ್ಕೆ ಕೂತಾಗ ಬೆಲ್. "ಸುಮ್ನೆ ಐದು ನಿಮಿಷ ಬನ್ನಿ" ಅಂತಾರೆ, ಏನು ಅಂತ ಹೇಳುವುದಿಲ್ಲ. ಹೋಗಿ ನೋಡಿದರೆ ಸಿಂಕ್ ತುಂಬ ಪಾತ್ರೆ, ಕೆಳಗಿನ ಕಪಾಟು ತುಂಬ ಡಬ್ಬಿ. ಅದನ್ನೆಲ್ಲ ತೆಗೆಯೋಕೆ ಅರ್ಧ ಗಂಟೆ. ನಾನು ನೆಲದ ಮೇಲೆ ಮಲಗಿ ಪೈಪ್ ನೋಡುತ್ತಿದ್ದರೆ ಮನೆಯವರು ಒಳಗೆ ಹೋಗಿ ಟಿವಿ ಹಾಕಿಕೊಳ್ಳುತ್ತಾರೆ. ಆಗ ನಾನು ಕೂಲಿಯವನ ಹಾಗೆ ಅನ್ನಿಸುತ್ತದೆ. ಕೂಲಿಯವರಿಗಾದರೂ ಹಾಗೆ ಮಾಡಬಾರದು, ಅದು ಬೇರೆ ಮಾತು.

ನೀವು ಬರೆದಿರುವ ರೀತಿ ನೋಡಿದರೆ ನೀವು ಅಂಥವರಲ್ಲ. ಹಿಡಿ ಕಾಲು ಸುತ್ತು ತಿರುಗುತ್ತದೆ ಅಂತ ಬರೆದಿರಿ ನೋಡಿ, ಅದೊಂದು ಮಾತಿನಿಂದ ನನಗೆ ಅರ್ಧ ಗೊತ್ತಾಯಿತು. ನಾಲ್ಕೈದು ಸುತ್ತು ತಿರುಗುವ ಹಳೇ ನಲ್ಲಿಯಾದರೆ ಒಳಗೆ ರಬ್ಬರ್ ವಾಷರ್ ಇರುತ್ತದೆ, ಅದು ಸವೆದರೆ ತೊಟ್ಟಿಕ್ಕುತ್ತದೆ. ಕಾಲು ಸುತ್ತಿನದರಲ್ಲಿ ವಾಷರ್ ಬದಲು ಎರಡು ಸೆರಾಮಿಕ್ ಬಿಲ್ಲೆ ಇರುತ್ತವೆ. ಒಂದರ ಮೇಲೊಂದು ಜಾರುತ್ತವೆ. ನೀರಿನಲ್ಲಿ ಮರಳು ಬಂದರೆ ಬಿಲ್ಲೆಗೆ ಗೀರು ಬೀಳುತ್ತದೆ, ಆಮೇಲೆ ಎಷ್ಟು ಬಿಗಿ ಮಾಡಿದರೂ ನೀರು ನುಸುಳುತ್ತದೆ. ಬಿಗಿ ಮಾಡುವುದನ್ನು ಇವತ್ತೇ ನಿಲ್ಲಿಸಿ, ಹಿಡಿ ಮುರಿಯಬಹುದು. ಆ ಬಿಲ್ಲೆಗಳಿರುವ ಒಳಗಿನ ತುಂಡನ್ನು ಸ್ಪಿಂಡಲ್ ಅನ್ನುತ್ತಾರೆ. ಇಡೀ ತುಂಡನ್ನೇ ಬದಲಾಯಿಸಬೇಕು. ಹಳೇದನ್ನು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡೇ ಅಂಗಡಿಗೆ ಹೋಗಬೇಕು. ಅಂದಾಜಿನಲ್ಲಿ ತಂದರೆ ಹಲ್ಲು ಹೊಂದುವುದಿಲ್ಲ.

ಅವರನ್ನು ಕರೆಯುವ ಮೊದಲು ಸಿಂಕ್ ಕೆಳಗಿನ ಚಿಕ್ಕ ವಾಲ್ವ್ ಮುಚ್ಚಿ ನೋಡಿ. ಅದರಿಂದ ನಲ್ಲಿಯ ನೀರು ನಿಂತರೆ ಇಡೀ ಮನೆಯ ನೀರು ನಿಲ್ಲಿಸಬೇಕಾಗಿಲ್ಲ. ವಾಲ್ವ್ ತಿರುಗದೆ ಇದ್ದರೆ ಜೋರು ಮಾಡಬೇಡಿ, "ವಾಲ್ವ್ ಗಟ್ಟಿಯಾಗಿದೆ" ಅಂತ ಅವರಿಗೆ ಮೊದಲೇ ಹೇಳಿ. ಸಿಂಕ್ ತೂತಿಗೆ ಒಂದು ಬಟ್ಟೆ ತುರುಕಿಡಿ. ಹಿಡಿಯ ಚಿಕ್ಕ ಸ್ಕ್ರೂ ಅದರೊಳಗೆ ಬಿದ್ದರೆ ಎಲ್ಲರಿಗೂ ಕಷ್ಟ.

ಕೇಳುವಾಗ ಹೀಗೆ ಕೇಳಿ: "ಅಡುಗೆಮನೆ ನಲ್ಲಿ ತೊಟ್ಟಿಕ್ಕುತ್ತಿದೆ, ಸ್ಪಿಂಡಲ್ ಹೋಗಿರಬೇಕು ಅನ್ನಿಸುತ್ತೆ. ಈ ವಾರ ನಿಮಗೆ ಯಾವಾಗ ಅನುಕೂಲವೋ ಆಗ ಒಮ್ಮೆ ನೋಡ್ತೀರಾ? ಆಗದಿದ್ದರೂ ಪರವಾಗಿಲ್ಲ, ಪ್ಲಂಬರ್ ಯಾರಾದರೂ ಗೊತ್ತಿದ್ದರೆ ಹೇಳಿ." ಈ ಕೊನೆಯ ಮಾತು ತುಂಬ ಮುಖ್ಯ. ಆಗಲ್ಲ ಅನ್ನೋಕೆ ಅವರಿಗೊಂದು ದಾರಿ ಇರಬೇಕು. ದಾರಿ ಇದ್ದರೆ ಹೂಂ ಅನ್ನುವುದೂ ಸುಲಭ.

ಅವರು ಕೆಲಸ ಮಾಡುವಾಗ ಪಕ್ಕದಲ್ಲೇ ಇರಿ, ಟಾರ್ಚ್ ಹಿಡಿಯಿರಿ. ನೋಡಿ ಕಲಿಯಿರಿ. ಮುಂದಿನ ಸಲ ನೀವೇ ಮಾಡಬಹುದು. ನನ್ನಿಂದ ಕಲಿತು ತಾನೇ ಮಾಡಿಕೊಂಡವರನ್ನು ಕಂಡರೆ ನನಗೆ ಎಷ್ಟು ಹೆಮ್ಮೆ ಗೊತ್ತಾ!

ಆ ಹಳೇ ಮನೆಯವರ ಮಾತು... ನಾನೂ ಸುಸ್ತಾದಾಗ ಹಾಗೆ ಅಂದಿರಬಹುದು. ಯಾರ ಕಿವಿಗಾದರೂ ಬಿದ್ದಿದ್ದರೆ ಅಂತ ನಿಮ್ಮ ಬರಹ ಓದಿದ ಮೇಲೆ ಯೋಚನೆ ಆಗುತ್ತಿದೆ.


ಏಣಿ ಕೊಟ್ಟವಳು:

ಏಣಿ ಕೇಳುವುದಾದರೆ ಯಾವತ್ತು ವಾಪಸ್ ಅಂತ ಕೇಳುವಾಗಲೇ ಹೇಳಿ, ಅವತ್ತೇ ತಂದುಕೊಡಿ. ನಮ್ಮ ಏಣಿ ಕೆಳಗಿನ ಮನೆಗೆ ಹೋಗಿ ಎಂಟು ತಿಂಗಳಾಯಿತು. ಕೇಳೋಕೆ ನನಗೂ ಸಂಕೋಚ, ನೋಡಿ! ಇನ್ನೊಂದು, ಒಬ್ಬರೇ ಹತ್ತಬೇಡಿ. ಏಣಿ ಜೊತೆ ಹಿಡಿದುಕೊಳ್ಳುವ ಒಂದು ಜೊತೆ ಕೈಯನ್ನೂ ಕೇಳಿ.


ಪಾಠದ ಕೋಣೆ:

ವಾಟ್ಸಾಪ್ ಗುಂಪಿನಲ್ಲಿ ಹಾಕಿದರೆ ಸಾಕಾ ಅಂತ ಕೇಳಿದ್ದೀರಿ. ನಾನು ಮನಃಶಾಸ್ತ್ರ ಪಾಠ ಮಾಡುತ್ತೇನೆ. ಸಾಕಾಗುವುದಿಲ್ಲ ಅಂತಲೇ ಹೇಳುತ್ತೇನೆ.

1968ರಲ್ಲಿ ಜಾನ್ ಡಾರ್ಲಿ, ಬಿಬ್ ಲತಾನೆ ಅನ್ನುವ ಇಬ್ಬರು ಸಂಶೋಧಕರು ನ್ಯೂಯಾರ್ಕ್‌ನಲ್ಲಿ ಕಾಲೇಜು ವಿದ್ಯಾರ್ಥಿಗಳ ಮೇಲೆ ಒಂದು ಪ್ರಯೋಗ ಮಾಡಿದರು. ಒಬ್ಬೊಬ್ಬರನ್ನು ಒಂದೊಂದು ಕೋಣೆಯಲ್ಲಿ ಕೂರಿಸಿ ಮೈಕ್ ಮೂಲಕ ಮಾತಾಡಿಸಿದರು. ನಡುವೆ ಒಂದು ದನಿ ತೊದಲುತ್ತದೆ, ಫಿಟ್ಸ್ ಬಂದ ಹಾಗೆ ಒದ್ದಾಡುತ್ತದೆ. ಅದು ಮೊದಲೇ ರೆಕಾರ್ಡ್ ಮಾಡಿಟ್ಟ ದನಿ, ಅದು ಅವರಿಗೆ ಗೊತ್ತಿಲ್ಲ. ತಾನೊಬ್ಬನೇ ಕೇಳಿಸಿಕೊಳ್ಳುತ್ತಿದ್ದೇನೆ ಅಂದುಕೊಂಡವರಲ್ಲಿ ನೂರಕ್ಕೆ 85 ಮಂದಿ ಆ ದನಿ ನಿಲ್ಲುವ ಮೊದಲೇ ಎದ್ದು ಸಹಾಯಕ್ಕೆ ಹೊರಟರು. ಇನ್ನೂ ನಾಲ್ಕು ಜನ ಕೇಳಿಸಿಕೊಳ್ಳುತ್ತಿದ್ದಾರೆ ಅಂದುಕೊಂಡವರಲ್ಲಿ ಹಾಗೆ ಎದ್ದವರು ನೂರಕ್ಕೆ 31 ಮಾತ್ರ. ಉಳಿದವರು ಕೆಟ್ಟವರಲ್ಲ. ಬೇರೆ ಯಾರಾದರೂ ಹೋಗಿರುತ್ತಾರೆ ಅಂದುಕೊಂಡರು, ಅಷ್ಟೇ. ಪ್ರಾಣದ ವಿಷಯದಲ್ಲೇ ಹೀಗಾದರೆ ಒಂದು ನಲ್ಲಿಗೆ ಗುಂಪಿನಲ್ಲಿ ಯಾರು ಏಳುತ್ತಾರೆ? ನಲವತ್ತು ಜನ ನೋಡುತ್ತಾರೆ, ಯಾರೂ ಉತ್ತರ ಕೊಡುವುದಿಲ್ಲ. ಆಗ ನಿಮಗೆ ಇಡೀ ಕಟ್ಟಡವೇ ಬೇಡ ಅಂದ ಹಾಗೆ ಅನ್ನಿಸುತ್ತದೆ. ಹಾಗಾಗಬಾರದು. ಒಬ್ಬರನ್ನೇ ಹೆಸರು ಹಿಡಿದು ಕೇಳಿ.

ಇನ್ನೊಂದು ಸಂಗತಿ. ಫ್ರಾನ್ಸಿಸ್ ಫ್ಲಿನ್, ವನೆಸ್ಸಾ ಲೇಕ್ ಅನ್ನುವವರು 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಗುರುತಿಲ್ಲದವರ ಹತ್ತಿರ ಹೋಗಿ ಒಂದು ಪ್ರಶ್ನಾವಳಿ ತುಂಬಿಸಿಕೊಂಡು ಬನ್ನಿ ಅಂತ ಜನರನ್ನು ಕಳಿಸಿದರು. ಐದು ಜನ ಒಪ್ಪಬೇಕಾದರೆ ಎಷ್ಟು ಜನರನ್ನು ಕೇಳಬೇಕಾದೀತು ಅಂತ ಮೊದಲೇ ಅಂದಾಜು ಹೇಳಿಸಿದ್ದರು. ಸುಮಾರು 20 ಅಂದಿದ್ದರು. ಕೇಳಬೇಕಾಗಿ ಬಂದಿದ್ದು ಸುಮಾರು 10 ಜನರನ್ನು. ಕೇಳುವವರ ಗಮನ ಎಲ್ಲ ಸಹಾಯ ಮಾಡುವವರಿಗೆ ಆಗುವ ತೊಂದರೆ ಕಡೆಗೇ ಇರುತ್ತದೆ. ಎದುರಿಗಿರುವವರಿಗೆ ಮುಖದ ಮೇಲೆ ಇಲ್ಲ ಅನ್ನುವುದೇ ಹೆಚ್ಚು ಕಷ್ಟ.

ಅದಕ್ಕೇ ಮೇಲಿನವರು ಹೇಳಿದ "ಆಗದಿದ್ದರೂ ಪರವಾಗಿಲ್ಲ" ನನಗೆ ತುಂಬ ಹಿಡಿಸಿತು. ಇಲ್ಲ ಅನ್ನೋಕೆ ಆಗದೆ ಒಪ್ಪಿಕೊಂಡವರೇ ಆಮೇಲೆ ಮನೆಯಲ್ಲಿ ಗೊಣಗುವುದು. ನಿಮ್ಮ ಹಳೇ ಪಕ್ಕದವರಿಗೂ ಹಾಗೇ ಆಗಿರಬಹುದು ಅಲ್ವಾ?


ತಂತಿ ಕೆಲಸ:

ಬೇರೆಯವರೆಲ್ಲ ನಲ್ಲಿ ಬಗ್ಗೆ ಹೇಳಿದರು. ನಾನು ಇಪ್ಪತ್ತೆರಡು ವರ್ಷದಿಂದ ವೈರಿಂಗ್ ಕೆಲಸದಲ್ಲಿದ್ದೇನೆ. ನಿಮ್ಮ ಗೀಸರ್ ಮಾತು ಓದಿ ಊಟ ಅರ್ಧಕ್ಕೆ ಬಿಟ್ಟು ಬರೆಯುತ್ತಿದ್ದೇನೆ. ಇದನ್ನು ದಯವಿಟ್ಟು ಇವತ್ತೇ ಮಾಡಿ.

ಗೀಸರ್ ಸ್ವಿಚ್ ಆರಿಸಿ. ಪ್ಲಗ್ ಇದ್ದರೆ ಕಿತ್ತಿಡಿ. ರಿಪೇರಿ ಆಗುವ ತನಕ ಯಾರೂ ಹಾಕಬಾರದು. ಅಮ್ಮನಿಗೂ ಹೇಳಿ, ಸ್ವಿಚ್ ಮೇಲೆ ಒಂದು ಚೀಟಿ ಅಂಟಿಸಿ.

ಯಾಕೆ ಅಂತ ಹೇಳುತ್ತೇನೆ. ಆ ಡಬ್ಬಿಯಲ್ಲಿ ಸಾಲಾಗಿರುವ ಸಣ್ಣ ಸ್ವಿಚ್‌ಗಳು ಎಂಸಿಬಿ. ಒಂದೊಂದು ಒಂದೊಂದು ಕಡೆಯ ಲೈನ್‌ಗೆ. ಜಾಸ್ತಿ ಕರೆಂಟ್ ಎಳೆದರೆ ಅಥವಾ ಶಾರ್ಟ್ ಆದರೆ ಅವು ಬೀಳುತ್ತವೆ. ಅಗಲದ್ದು ಅಂತ ನೀವು ಬರೆದಿರುವುದು ಆರ್‌ಸಿಸಿಬಿ ಇರಬೇಕು. ಅದರ ಮೇಲೆ ಒಂದು ಟೆಸ್ಟ್ ಬಟನ್ ಇದೆಯಾ ನೋಡಿ. ಇದ್ದರೆ ಅದೇ. ಅದರ ಕೆಲಸ ಬೇರೆ. ಹೋದ ಕರೆಂಟ್ ಪೂರ್ತಿ ವಾಪಸ್ ಬರುತ್ತಿದೆಯಾ ಅಂತ ಅದು ನೋಡುತ್ತಿರುತ್ತದೆ. ಎಲ್ಲೋ ಸೋರಿ ನೆಲದ ಕಡೆ ಹೋದರೆ ಥಟ್ಟನೆ ಬೀಳುತ್ತದೆ. ಮನೆಗಳಲ್ಲಿ ಸಾಮಾನ್ಯವಾಗಿ ಹಾಕುವುದು 30 ಮಿಲಿಆಂಪ್‌ನದು. ಅಂದರೆ ಅಷ್ಟು ಸಣ್ಣ ಸೋರಿಕೆಗೇ ಅದು ಬೀಳಬೇಕು. ಗೀಸರ್ ಹಾಕಿದಾಗ ಮಾತ್ರ ಬೀಳುತ್ತದೆ ಅಂದರೆ ಜಾಸ್ತಿ ಸಲ ಒಳಗಿನ ಹೀಟಿಂಗ್ ಕಾಯಿಲ್ ಸೀಳಿರುತ್ತದೆ, ನೀರು ತಾಗಿ ಕರೆಂಟ್ ಸೋರುತ್ತಿರುತ್ತದೆ. ಆ ಸ್ವಿಚ್ ನಿಮ್ಮನ್ನು ಕಾಪಾಡುತ್ತಿದೆ ಮೇಡಂ. ಸುಮ್ಮನೆ ಮೇಲೆತ್ತಿ ಮತ್ತೆ ಸ್ನಾನಕ್ಕೆ ಹೋಗಬೇಡಿ.

ಇದನ್ನು ಎದುರು ಮನೆಯವರ ಹತ್ತಿರ ಮಾಡಿಸಬೇಡಿ. ಅವರು ಎಷ್ಟೇ ಒಳ್ಳೆಯವರಾದರೂ. ಒಂದು ಮನೆಯಲ್ಲಿ ನಾನೇ ಕಂಡಿದ್ದೇನೆ, ಪದೇ ಪದೇ ಕರೆಂಟ್ ಹೋಗುತ್ತದೆ ಅಂತ ಸಹಾಯಕ್ಕೆ ಬಂದವರು ಆರ್‌ಸಿಸಿಬಿಯನ್ನೇ ಬಿಟ್ಟು ನೇರ ತಂತಿ ಜೋಡಿಸಿದ್ದರು. ಕರೆಂಟ್ ಹೋಗುವುದು ನಿಂತಿತು, ಸೋರುವುದು ನಿಲ್ಲಲಿಲ್ಲ. ಅವರು ಒಳ್ಳೆಯದಾಗಲಿ ಅಂತಲೇ ಮಾಡಿದ್ದು. ಯಾರಿಗೂ ಏನೂ ಆಗುವ ಮೊದಲು ನನ್ನ ಕಣ್ಣಿಗೆ ಬಿತ್ತು.

ಬಲ್ಬು ಬದಲಾಯಿಸುವುದು, ಯಾವ ಸ್ವಿಚ್ ಬಿದ್ದಿದೆ ಅಂತ ನೋಡಿ ಹೇಳುವುದು, ಒಳ್ಳೇ ಎಲೆಕ್ಟ್ರಿಷಿಯನ್ ನಂಬರ್ ಕೊಡುವುದು, ಅವನು ಬಂದಾಗ ನಿಮ್ಮ ಜೊತೆ ನಿಂತುಕೊಳ್ಳುವುದು, ಇಷ್ಟಕ್ಕೆ ಪಕ್ಕದವರನ್ನು ಧಾರಾಳವಾಗಿ ಕೇಳಿ. ಬೋರ್ಡ್ ಬಿಚ್ಚುವುದು ಬೇಡ. ಗ್ಯಾಸ್ ಪೈಪ್ ಮುಟ್ಟುವುದು ಬೇಡ. ಕಿಟಕಿ ಆಚೆ ಬಗ್ಗಿ ಮಾಡುವ ಕೆಲಸ ಬೇಡ. ಅವರಿಗೆ ಏನಾದರೂ ಆದರೆ ಆ ನೋವು ನಿಮಗೂ ಜೀವನಪೂರ್ತಿ.

ಗ್ಯಾಸ್ ವಾಸನೆ ಬಂದರೆ ಮಾತ್ರ ಹಿಂಜರಿಕೆ ಬೇಡ, ಹೊತ್ತು ನೋಡಬೇಡಿ. ಸಿಲಿಂಡರ್ ಗ್ಯಾಸ್ ಗಾಳಿಗಿಂತ ಭಾರ, ನೆಲದ ಮೇಲೆ ಹರಡಿ ನಿಲ್ಲುತ್ತದೆ. ರೆಗ್ಯುಲೇಟರ್ ಮುಚ್ಚಿ, ಕಿಟಕಿ ಬಾಗಿಲು ತೆರೆದು, ಯಾವ ಸ್ವಿಚ್ಚನ್ನೂ ಒತ್ತದೆ ಅಮ್ಮನನ್ನು ಕರೆದುಕೊಂಡು ಹೊರಗೆ ಬನ್ನಿ. ಎದುರು ಮನೆಗೂ ಬೆಲ್ ಒತ್ತಬೇಡಿ, ಕೈಯಿಂದ ಬಾಗಿಲು ಬಡಿಯಿರಿ. ಫೋನ್ ಮಾಡುವುದು ಹೊರಗೆ ಬಂದ ಮೇಲೆ.


ಬೆಳಗಿನ ಕಿಟಕಿ:

ಮಗಳೇ, ನನಗೆ 69. ಒಬ್ಬಳೇ ಇದ್ದೇನೆ. ನಿನ್ನ ನಲ್ಲಿ, ಬಲ್ಬು ಎಲ್ಲ ಒಂದು ವಾರ ಕಾಯಬಹುದು. ಆ ಚಿಲಕ ಕಾಯಬಾರದು.

ವಯಸ್ಸಾದವರಿರುವ ಮನೆಯ ಬಚ್ಚಲಿಗೆ ಒಳಚಿಲಕ ಇಡಲೇಬಾರದು. ಹೊರಗಿನಿಂದ ನಾಣ್ಯ ಹಾಕಿ ತಿರುಗಿಸಿದರೆ ತೆಗೆಯೋಕೆ ಬರುವ ಬೀಗ ಸಿಗುತ್ತದೆ, ಅದನ್ನು ಹಾಕಿಸು. ಇನ್ನೊಂದು ನೋಡು, ನಿಮ್ಮ ಬಚ್ಚಲ ಬಾಗಿಲು ಒಳಕ್ಕೆ ತೆರೆಯುತ್ತದಾ? ಹಾಗಿದ್ದರೆ ಒಳಗೆ ಯಾರಾದರೂ ಬಾಗಿಲಿಗೆ ಒರಗಿ ಬಿದ್ದರೆ ಚಿಲಕ ಇಲ್ಲದಿದ್ದರೂ ತಳ್ಳೋಕೆ ಬರುವುದಿಲ್ಲ. ಹೊರಕ್ಕೆ ತೆರೆಯುವ ಹಾಗೆ ತಿರುಗಿಸಿ ಕೂರಿಸಬಹುದು, ಕಾರ್ಪೆಂಟರ್‌ಗೆ ಒಂದು ದಿನದ ಕೆಲಸ. ನಮ್ಮ ಮನೆಯಲ್ಲಿ ಬಿದ್ದ ಮೇಲೆ ಮಾಡಿಸಿದೆವು. ನೀವು ಮೊದಲೇ ಮಾಡಿಸಿ.

ಅಲ್ಲಿಯ ತನಕ ಚಿಲಕದ ಸ್ಕ್ರೂ ಬಿಚ್ಚಿ ತೆಗೆದುಬಿಡಿ. ಇದಕ್ಕಾದರೂ ಎದುರು ಮನೆಗೆ ಹೋಗು. ಸ್ಕ್ರೂಡ್ರೈವರ್ ಕೇಳು, ಮನುಷ್ಯರನ್ನು ಕೇಳಬೇಡ. "ಹತ್ತು ನಿಮಿಷಕ್ಕೆ ಸ್ಕ್ರೂಡ್ರೈವರ್ ಕೊಡ್ತೀರಾ" ಅನ್ನೋಕೆ ಎಷ್ಟು ಧೈರ್ಯ ಬೇಕು? ಯಾಕೆ ಅಂತ ಅವರೇ ಕೇಳುತ್ತಾರೆ. ನನ್ನ ಪಕ್ಕದ ಮನೆಯವಳು ಮತ್ತು ನಾನು ಶುರು ಮಾಡಿದ್ದು ಹೀಗೆ ಒಂದು ಸೂಜಿಯಿಂದ. ಈಗ ನನ್ನ ಮನೆಯ ಇನ್ನೊಂದು ಬೀಗದ ಕೈ ಅವಳ ಹತ್ತಿರ ಇದೆ. ಬೆಳಿಗ್ಗೆ ಎಂಟರೊಳಗೆ ನನ್ನ ಕಿಟಕಿ ತೆರೆಯದಿದ್ದರೆ ಅವಳು ಬಂದು ಬಾಗಿಲು ತಟ್ಟುತ್ತಾಳೆ. ಎರಡು ಸಲ ತಟ್ಟಿದ್ದಾಳೆ. ಎರಡು ಸಲವೂ ನಿದ್ದೆ ಹೋಗಿದ್ದೆ ಅಷ್ಟೇ. ಆದರೂ ಬಂದಳಲ್ಲ!

ಪ್ರತಿಯಾಗಿ ಏನು ಕೊಡಲಿ ಅಂತ ಕೇಳಿದ್ದೀಯಲ್ಲ, ಅವತ್ತೇ ಏನಾದರೂ ಕೊಟ್ಟು ಲೆಕ್ಕ ಮುಗಿಸೋಕೆ ಹೋಗಬೇಡ. ತಂದ ಸಾಮಾನಿನ ದುಡ್ಡು ಮಾತ್ರ ಅವತ್ತೇ ಕೊಡು, ಅದರಲ್ಲಿ ಮಾತಿಲ್ಲ. ಉಳಿದದ್ದು ಬಾಕಿ ಇರಲಿ.


ಮೂರನೇ ಮಹಡಿ:

ಎಲ್ಲರ ಮಾತನ್ನೂ ಎರಡೆರಡು ಸಲ ಓದಿದೆ. ಅಮ್ಮನಿಗೂ ಓದಿ ಹೇಳಿದೆ. ಆದದ್ದನ್ನು ಬರೆಯದಿದ್ದರೆ ತಪ್ಪಾಗುತ್ತದೆ.

ಗೀಸರ್ ಅವತ್ತು ರಾತ್ರಿಯೇ ಆರಿಸಿ ಪ್ಲಗ್ ಕಿತ್ತೆ. ಟೆಸ್ಟ್ ಬಟನ್ ಇತ್ತು. ಒಲೆಯ ಮೇಲೆ ನೀರು ಕಾಯಿಸುತ್ತಿದ್ದೇವೆ. ತಂತಿ ಕೆಲಸದ ಅಣ್ಣ, ನಿಮ್ಮ ಊಟ ಅರ್ಧಕ್ಕೆ ನಿಂತಿದ್ದಕ್ಕೆ ನನಗೆ ಏನು ಹೇಳಬೇಕೋ ಗೊತ್ತಾಗುತ್ತಿಲ್ಲ. ನಾಲ್ಕು ತಿಂಗಳಿಂದ ಅಮ್ಮ ಅದೇ ನೀರಲ್ಲಿ ಸ್ನಾನ ಮಾಡುತ್ತಿದ್ದರು.

ಮಾರನೇ ದಿನ ಸಂಜೆ ಎದುರು ಮನೆಗೆ ಹೋದೆ. ಸ್ಕ್ರೂಡ್ರೈವರ್ ಕೇಳಿದೆ. ಅವರ ಹೆಂಡತಿ ಬಾಗಿಲು ತೆಗೆದರು, ಒಳಗೆ ಕೂಗಿ ತರಿಸಿ ಕೊಟ್ಟರು. ಬೆಳಗಿನ ಕಿಟಕಿ ಅಮ್ಮ ಹೇಳಿದ ಹಾಗೇ ಆಯಿತು, "ಯಾಕೆ, ಏನಾಯ್ತು?" ಅಂತ ಅವರೇ ಕೇಳಿದರು. ಚಿಲಕದ ಕಥೆ ಹೇಳುತ್ತಾ ಹೇಳುತ್ತಾ ನನ್ನ ಗಂಟಲು ಕಟ್ಟಿತು. ಅವರು ಸುಮ್ಮನೆ ಚಪ್ಪಲಿ ಹಾಕಿಕೊಂಡು ನನ್ನ ಜೊತೆ ಬಂದರು. ಚಿಲಕ ಬಿಚ್ಚಿದ್ದು ನಾವಿಬ್ಬರೇ. ಒಂದು ಸ್ಕ್ರೂ ತುಕ್ಕು ಹಿಡಿದಿತ್ತು, ಎರಡು ಹನಿ ಎಣ್ಣೆ ಬಿಟ್ಟು ಕಾದೆವು. ಆ ಹೊತ್ತಿನಲ್ಲಿ ನಲ್ಲಿಯ ಸದ್ದು ಅವರಿಗೇ ಕೇಳಿಸಿತು.

ಭಾನುವಾರ ಹತ್ತಕ್ಕೆ ಅವರ ಮನೆಯವರು ಬಂದರು. ಸಿಂಕ್ ಖಾಲಿ ಮಾಡಿಟ್ಟಿದ್ದೆ, ತೂತಿಗೆ ಬಟ್ಟೆ ತುರುಕಿದ್ದೆ, ಕೆಳಗಿನ ಡಬ್ಬಿಗಳನ್ನೆಲ್ಲ ಆಚೆ ಇಟ್ಟಿದ್ದೆ. ಕೆಳಗಿನ ವಾಲ್ವ್ ಮುಚ್ಚಿದಾಗ ನೀರು ಸರಿಯಾಗಿ ನಿಂತಿತು. ಸ್ಪಿಂಡಲ್ ತೆಗೆದು ಅಂಗೈ ಮೇಲೆ ಇಟ್ಟು ತೋರಿಸಿದರು. ಬಿಲ್ಲೆಯ ಮೇಲೆ ಕೂದಲಿನಷ್ಟು ಸಣ್ಣ ಗೀರು. ಇಷ್ಟು ದಿನ ನನ್ನ ನಿದ್ದೆ ಕೆಡಿಸಿದ್ದು ಅದೇ! ಹೊಸದನ್ನು ನಾನೇ ಹೋಗಿ ತಂದೆ, ಹಳೇದನ್ನು ಹಿಡಿದುಕೊಂಡು. ಮೊದಲು ಕೊಟ್ಟದ್ದು ಹಲ್ಲು ಹೊಂದುತ್ತಿರಲಿಲ್ಲ, ಅಲ್ಲೇ ಬದಲಾಯಿಸಿದೆ. ಪಾನಾ ಪೆಟ್ಟಿಗೆ ಸರ್, ಅದನ್ನು ಕೂರಿಸಿದ್ದು ನಾನು. ಅವರು ಟಾರ್ಚ್ ಹಿಡಿದಿದ್ದರು.

ಏಣಿಗೆ ಕೆಳಗಿನ ಮಹಡಿಯವರನ್ನು ಕೇಳಿದೆ. ಅವರು "ನಾವು ಏಣಿ ಯಾರಿಗೂ ಕೊಡಲ್ಲ" ಅಂದರು. ಮೆಟ್ಟಿಲು ಹತ್ತಿ ಬರುವಾಗ ನನಗೆ ಎಷ್ಟು ಬೇಜಾರಾಗುತ್ತದೋ ಅಂತ ಕಾಯುತ್ತಿದ್ದೆ. ಅಷ್ಟೇನೂ ಆಗಲಿಲ್ಲ. ಅವರ ಏಣಿಯೂ ಯಾರ ಮನೆಯಲ್ಲೋ ಎಂಟು ತಿಂಗಳು ಉಳಿದಿರಬಹುದು ಅನ್ನಿಸಿತು. ಬಲ್ಬು ಇನ್ನೂ ಹಾಗೇ ಇದೆ. ಟೇಬಲ್ ದೀಪ ಇಟ್ಟುಕೊಂಡಿದ್ದೇವೆ.

ಎಲೆಕ್ಟ್ರಿಷಿಯನ್ ನಂಬರ್ ಎದುರು ಮನೆಯವರೇ ಕೊಟ್ಟರು. ನಾಳೆ ಬರುತ್ತಾರೆ. ನಾನು ಕೆಲಸದಿಂದ ಬರುವುದು ತಡವಾದರೆ ಅಮ್ಮನ ಜೊತೆ ತಾವು ಇರುತ್ತೇವೆ ಅಂದಿದ್ದಾರೆ. ಮಂಗಳವಾರ ಅವರ ಮಗ ಹೊಲಿಗೆ ಬಿಟ್ಟ ಶಾಲೆ ಚೀಲ ಹಿಡಿದುಕೊಂಡು ಬಂದಿದ್ದ. ಅಮ್ಮನಿಗೆ ಹೊಲಿಗೆ ಬರುತ್ತದೆ ಅಂತ ಚಿಲಕ ಬಿಚ್ಚುವಾಗ ಮಾತಿಗೆ ಹೇಳಿದ್ದೆ. ಅಮ್ಮ ಎರಡು ದಾರ ಸೇರಿಸಿ ಹೊಲಿದುಕೊಟ್ಟರು. ಆ ಹುಡುಗ ಒಂದು ಗಂಟೆ ಇಲ್ಲೇ ಕೂತು ಅಮ್ಮನ ಹತ್ತಿರ ಮಾತಾಡಿದ.

ಬಚ್ಚಲ ಬಾಗಿಲು ಒಳಕ್ಕೇ ತೆರೆಯುತ್ತದೆ. ತಿರುಗಿಸಿ ಕೂರಿಸೋಕೆ ಕಾರ್ಪೆಂಟರ್ ಶನಿವಾರ ಬರುತ್ತಾರೆ. ಅಷ್ಟರಲ್ಲಿ ಒಂದು ಕೇಳಬೇಕು. ಚಿಲಕ ತೆಗೆದ ಜಾಗದಲ್ಲಿ ನಾಲ್ಕು ಸ್ಕ್ರೂ ತೂತು ಉಳಿದಿವೆ, ಒಳಗಿನ ಮರ ಪುಡಿಪುಡಿಯಾಗಿದೆ. ಹೊಸ ಬೀಗ ಅದೇ ಜಾಗಕ್ಕೆ ಬರಬೇಕು. ಸ್ಕ್ರೂ ಹಿಡಿಯುವ ಹಾಗೆ ಆ ತೂತಿಗೆ ಏನು ತುಂಬಬೇಕು?


ಪಾನಾ ಪೆಟ್ಟಿಗೆ:

ತೂತಿನೊಳಗಿನ ಪುಡಿಯನ್ನೆಲ್ಲ ಕೆರೆದು ತೆಗೆದು, ಒಂದು ದಿನ ಒಣಗೋಕೆ ಬಿಡಿ. ಬೆಂಕಿಕಡ್ಡಿಯ ತಲೆ ಮುರಿದು, ಮರದ ಅಂಟಿನಲ್ಲಿ ಅದ್ದಿ, ಹಿಡಿಯುವಷ್ಟು ಕಡ್ಡಿ ಬಿಗಿಯಾಗಿ ತುರುಕಿ. ಬಚ್ಚಲಿಗೆ ಅಂತ ಹೇಳಿ ನೀರು ತಡೆಯುವ ಅಂಟನ್ನೇ ಕೇಳಿ ತನ್ನಿ. ಒಂದು ರಾತ್ರಿ ಬಿಟ್ಟು, ಹೊರಗೆ ಉಳಿದ ತುದಿಗಳನ್ನು ಬ್ಲೇಡಿನಿಂದ ಕತ್ತರಿಸಿ. ಆಮೇಲೆ ಸ್ಕ್ರೂ ಹಿಡಿಯುತ್ತದೆ. ಮರ ಬೆರಳಿಗೆ ಮೆತ್ತಗೆ ಸಿಕ್ಕರೆ ಮಾತ್ರ ಕಡ್ಡಿ ಬೇಡ, ಬೀಗವನ್ನು ಒಂದು ಗೇಣು ಮೇಲಕ್ಕೆ ಹಾಕಿಸಿ.